ಡಿಎಂಡಿ ವಂಶವಾಹಿ ಪರೀಕ್ಷೆ: ಫಲಿತಾಂಶ ಸರಿ, ವರದಿ ಅರೆಬರೆ

ನನ್ನ ಅಕ್ಕನ ಆರು ವರ್ಷದ ಮಗ ನೆಲದಿಂದ ಏಳುವಾಗ ಮೊದಲು ಮೊಣಕಾಲಿಗೆ, ಆಮೇಲೆ ತೊಡೆಗೆ ಕೈಯೂರಿ, ತನ್ನ ಮೈಯನ್ನೇ ತಾನು ಹತ್ತಿಕೊಂಡಂತೆ ನಿಲ್ಲುತ್ತಿದ್ದ. ಇದನ್ನು ಕಂಡ ನರರೋಗ ತಜ್ಞರು, ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಸಿಪಿಕೆ ಎಂಬ ಕಿಣ್ವದ ಪ್ರಮಾಣ ಹಲವು ಸಾವಿರ ದಾಟಿದ್ದನ್ನೂ ಗಮನಿಸಿ, ಡುಶೆನ್ ಸ್ನಾಯುಕ್ಷಯದ (ಡಿಎಂಡಿ) ಅನುಮಾನದಿಂದ ವಂಶವಾಹಿ ಪರೀಕ್ಷೆಗೆ ಬರೆದುಕೊಟ್ಟರು. ಬೆಂಗಳೂರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಿದೆವು.

ರಕ್ತ ತೆಗೆಯಲು ಮನೆಗೆ ಬಂದ ಸಿಬ್ಬಂದಿಯ ಬಗ್ಗೆ ದೂರಿಲ್ಲ. ನೇರಳೆ ಮುಚ್ಚಳದ ಟ್ಯೂಬಿನ ಮೇಲಿದ್ದ ಹೆಸರನ್ನು ಹುಡುಗನಿಂದಲೇ ಓದಿಸಿದ ಮೇಲೆ ಪೆಟ್ಟಿಗೆಗೆ ಹಾಕಿಕೊಂಡರು. ಈ ಕಾಯಿಲೆಗೆ ಕಾರಣ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷ. ಆ ವಂಶವಾಹಿ ಸುಮಾರು 22 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ಉದ್ದವಿದ್ದು, ಅದರಲ್ಲಿ ಪ್ರೋಟೀನಿನ ಬರಹವಿರುವ 79 ತುಣುಕುಗಳು, ಅಂದರೆ ಎಕ್ಸಾನ್‌ಗಳಿವೆ. ಈ ಕಾಯಿಲೆಯ ಹತ್ತು ಮಕ್ಕಳಲ್ಲಿ ಆರೇಳು ಮಂದಿಗೆ ಒಂದೋ ಹಲವೋ ಎಕ್ಸಾನ್‌ಗಳು ಇಡಿಯಾಗಿ ಕಾಣೆಯಾಗಿರುವುದರಿಂದ, ಅಕ್ಷರ ಅಕ್ಷರವನ್ನೂ ಓದುವ ದುಬಾರಿ ಅನುಕ್ರಮ ಪರೀಕ್ಷೆಗೆ ತಳ್ಳದೆ ಮೊದಲು ಪ್ರತಿ ಎಕ್ಸಾನ್ ಇದೆಯೇ ಇಲ್ಲವೇ ಎಂದು ಎಣಿಸುವ ಎಂಎಲ್‌ಪಿಎ ಪರೀಕ್ಷೆ ಮಾಡಿದ್ದು ಪ್ರಾಮಾಣಿಕ ಕ್ರಮ. ಮೂರು ವಾರವೆಂದಿದ್ದ ವರದಿ ಐದನೆಯ ವಾರ ಬಂದಿತು, ಅದಿರಲಿ.

ವರದಿಯಲ್ಲಿದ್ದುದು ಒಂದು ಕಂಬನಕ್ಷೆ, 48, 49, 50ನೆಯ ಎಕ್ಸಾನ್‌ಗಳ ಜಾಗದಲ್ಲಿ ಮೂರು ಸೊನ್ನೆ ಮತ್ತು ‘ರೋಗಕಾರಕ’ ಎಂಬ ಒಂದು ಸಾಲು. ಓದಿನ ಚೌಕಟ್ಟು ಉಳಿದಿದೆಯೇ, ಮುರಿದಿದೆಯೇ ಎಂಬ ಮುಖ್ಯ ಮಾತೇ ಇರಲಿಲ್ಲ. ಅದನ್ನು ವಿಡಿಯೋ ಕರೆಯಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದವರು ಅಲ್ಲಿನ ಆನುವಂಶಿಕ ಸಲಹೆಗಾರ್ತಿ. ಜೀವಕೋಶ ಈ ಬರಹವನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಹೋಗಿರುವ ಮೂರು ಎಕ್ಸಾನ್‌ಗಳಲ್ಲಿ 397 ಅಕ್ಷರಗಳಿದ್ದು, ಮೂರರಿಂದ ಭಾಗಿಸಿದರೆ ಒಂದು ಉಳಿಯುವುದರಿಂದ ಮುಂದಿನ ಓದೆಲ್ಲ ಹಳಿ ತಪ್ಪಿ, ಸ್ನಾಯುಕೋಶದ ಒಳಗಿನ ಎಳೆಗಳನ್ನು ಅದರ ಪೊರೆಗೆ ಬಿಗಿಯಬೇಕಾದ ಡಿಸ್ಟ್ರೋಫಿನ್ ತಯಾರಾಗುವುದೇ ಇಲ್ಲ. 45ರಿಂದ 47ರವರೆಗಿನ ಮೂರು ಹೋಗಿದ್ದರೆ 474 ಅಕ್ಷರ, ಶೇಷ ಸೊನ್ನೆ. ಆಗ ಪ್ರೋಟೀನು ಮೋಟಾದರೂ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಸೌಮ್ಯವಾದ ಬೆಕರ್ ರೂಪ ಕಾಣಿಸುತ್ತದೆ. 51ನ್ನೂ ಹಾರಿಸಿದರೆ ಲೆಕ್ಕ 630 ಆಗಿ ಸರಿಹೋಗುತ್ತದೆಂದೂ, ಅದನ್ನು ಮಾಡುವ ಎಟೆಪ್ಲಿರ್ಸೆನ್ ಎಂಬ ಔಷಧಿಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿದ್ದರೂ ಅದರ ಪ್ರಯೋಜನದ ಬಗ್ಗೆ ತಜ್ಞರಲ್ಲಿ ವಾದವಿದೆಯೆಂದೂ ಮುಚ್ಚಿಡದೆ ಹೇಳಿದರು. ಆ ನಲವತ್ತು ನಿಮಿಷಕ್ಕೆ ಪ್ರತ್ಯೇಕ ಶುಲ್ಕವಿದೆ, ಕೇಳಿಕೊಂಡವರಿಗೆ ಮಾತ್ರ ಸಿಗುತ್ತದೆ. ನನ್ನ ತಕರಾರು ಇದೇ.

ಅಕ್ಕನ ರಕ್ತವನ್ನೂ ಪರೀಕ್ಷಿಸಿದ ವರದಿ ‘ವಾಹಕಿಯಲ್ಲ’, ಅಂದರೆ ಈ ದೋಷವನ್ನು ಹೊತ್ತು ಮಕ್ಕಳಿಗೆ ದಾಟಿಸುವವಳಲ್ಲ, ಎಂದಿತು. ರಕ್ತದಲ್ಲಿ ಕಾಣದ ದೋಷ ಅಂಡಾಣುಗಳಲ್ಲಿ ಕೆಲವಕ್ಕೆ ಇರಬಹುದು, ಮುಂದಿನ ಬಸಿರಿನಲ್ಲಿ ಮತ್ತೆ ಪರೀಕ್ಷೆ ಬೇಕು ಎಂಬುದೂ ಸಲಹೆಗಾರ್ತಿಯ ಬಾಯಿಂದಲೇ ಬಂದದ್ದು.

ನಾವು ಪತ್ರ ಬರೆದ ನಾಲ್ಕನೆಯ ದಿನ ಚೌಕಟ್ಟಿನ ಸಾಲು ಸೇರಿಸಿದ ಹೊಸ ವರದಿಯನ್ನು ಉಚಿತವಾಗಿ ಕಳುಹಿಸಿದರು. ಅಕ್ಕನದು ಇನ್ನೂ ಹಾಗೆಯೇ ಇದೆ. ಐದರಲ್ಲಿ ಮೂರು ಅಂಕ.