ಅಂಗೈಗಿಂತ ಚಿಕ್ಕ ಕೈಕಾಗದದ ಕಾರ್ಡುಗಳು: ಎರಡು ಮಳೆಗಾಲದ ಬಳಕೆಯ ನಂತರ

ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ, ಅಂದರೆ 64 ಮತ್ತು 89 ಮಿಲಿಮೀಟರ್ ಅಳತೆಯ, ಕೈಯಿಂದ ತಯಾರಿಸಿದ ಕಾಗದದ ಕಾರ್ಡುಗಳನ್ನು ನಾನು ಎರಡು ವರ್ಷಗಳಿಂದ ಚಿತ್ರ ಬಿಡಿಸಲು ಬಳಸುತ್ತಿದ್ದೇನೆ. ಪೂರ್ತಿ ಹತ್ತಿಯ ತಿರುಳಿನಿಂದ ಮಾಡಿದ, 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದದ ಈ ಕಾರ್ಡುಗಳು ಐವತ್ತರ ಕಟ್ಟಿನಲ್ಲಿ ಬರುತ್ತವೆ. ಕೊಂಡ ಮೂರು ಕಟ್ಟುಗಳಲ್ಲಿ ಈಗ ಹನ್ನೊಂದು ಕಾರ್ಡುಗಳಷ್ಟೇ ಉಳಿದಿವೆ. 1997ರಲ್ಲಿ ಜ್ಯೂರಿಕ್‌ನಲ್ಲಿ ಕಲಾವಿದ ಎಂ. ವಾಂಚಿ ಸ್ಟಿರ್ನೆಮಾನ್ ಆರಂಭಿಸಿದ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡುಗಳ ಅಳತೆಯೂ ಇದೇ. ಆ ಪದ್ಧತಿಯಲ್ಲಿ ಕಾರ್ಡನ್ನು ಮಾರುವಂತಿಲ್ಲ, ಮತ್ತೊಬ್ಬರ ಕಾರ್ಡಿನೊಡನೆ ಬದಲಾಯಿಸಿಕೊಳ್ಳಬೇಕು. ನಾನೂ ಗೆಳತಿಯರೊಡನೆ ಅಂಚೆಯ ಮೂಲಕ ಹಾಗೆಯೇ ಬದಲಾಯಿಸಿಕೊಳ್ಳುವುದರಿಂದ, ಕಾಗದವು ನೀರನ್ನು ಮಾತ್ರವಲ್ಲ, ಹಲವರ ಕೈಗಳನ್ನೂ ತಾಳಿಕೊಳ್ಳಬೇಕು.

ಮೊದಲು ಗೆರೆಯ ವಿಚಾರ. ಇಷ್ಟು ಸಣ್ಣ ಜಾಗದಲ್ಲಿ ಅಡಿಕೆ ಮರದ ಒಂದು ಸೋಗೆಯನ್ನು ಬಿಡಿಸಬೇಕಾದರೆ ಪಿಗ್ಮಾ ಮೈಕ್ರಾನ್ ಪೆನ್ನಿನ 005 ಮೊನೆಯೇ ನನಗೆ ಒಗ್ಗಿದ್ದು. ಅದರ ಗೆರೆಯ ದಪ್ಪ ಸುಮಾರು 0.20 ಮಿಲಿಮೀಟರ್, ಶಾಯಿ ಒಣಗಿದ ಮೇಲೆ ನೀರಿಗೆ ಕದಲುವುದಿಲ್ಲ. ಕಾರ್ಡಿನ ಮೈ ಒರಟಾಗಿರುವುದರಿಂದ ಕೈಯನ್ನು ಹಗುರವಾಗಿಟ್ಟು ನಿಧಾನವಾಗಿ ಎಳೆಯಬೇಕಾಗುತ್ತದೆ, ಇಲ್ಲದಿದ್ದರೆ ಮೇಲೆದ್ದ ನಾರು ಮೊನೆಗೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಹಚ್ಚಿದ ಮೇಲೆ ಗೆರೆ ಎಳೆದರೆ ಚಿತ್ರ ಹೆಚ್ಚು ಸಡಿಲವಾಗಿ, ಚೆನ್ನಾಗಿ ಕಾಣುತ್ತದೆಂದು ಮೊದಲ ಆರು ತಿಂಗಳು ಆ ಕ್ರಮದಲ್ಲೇ ಪ್ರಯತ್ನಿಸಿದೆ. ಆದರೆ ಕುಂಚ ಎರಡು ಮೂರು ಬಾರಿ ಓಡಾಡಿದ ಜಾಗದಲ್ಲಿ ಕಾಗದದ ಮೇಲ್ಮೈ ಸವೆದು, ಗೆರೆಯ ಎರಡೂ ಬದಿಗೆ ಬೇರಿನಂತಹ ಎಳೆಗಳು ಹೊರಡುತ್ತಿದ್ದವು. ಈಗ ಗೆರೆಯನ್ನು ಹಿಂದಿನ ರಾತ್ರಿಯೇ ಎಳೆದಿಟ್ಟು, ಬಣ್ಣವನ್ನು ಮರುದಿನ ಹಚ್ಚುತ್ತೇನೆ.

ಫೌಂಟನ್ ಪೆನ್ನಿನ ಸಾಧಾರಣ ಕಪ್ಪು ಶಾಯಿಯದು ಬೇರೆಯೇ ದಾರಿ. ಅದು ನೀರಿಗೆ ಕರಗುವುದೇ ಅದರ ಗುಣ. ಗೆರೆಯ ಒಂದು ಬದಿಗೆ ಮಾತ್ರ ಒದ್ದೆ ಕುಂಚವನ್ನು ತಾಗಿಸಿದರೆ ಕಪ್ಪು ಒಡೆದು, ಒಳಗೆ ಅಡಗಿದ್ದ ನೀಲಿ ಮತ್ತು ನಸುಗೆಂಪು ಛಾಯೆಗಳು ಬೇರೆಬೇರೆಯಾಗಿ ಹರಡುತ್ತವೆ. ಮಳೆ ಬರುವ ಮುಂಚಿನ ಆಕಾಶಕ್ಕೆ ಇದಕ್ಕಿಂತ ಹೊಂದುವ ಬಣ್ಣ ನನಗೆ ಸಿಕ್ಕಿಲ್ಲ. ಆದರೆ ಇಂಥ ಶಾಯಿ ಬೆಳಕಿಗೆ ನಿಲ್ಲುವುದಿಲ್ಲ. ಒಂದು ಕಾರ್ಡಿನ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ದಕ್ಷಿಣದ ಕಿಟಕಿಗೆ ನಾಲ್ಕು ತಿಂಗಳು ಅಂಟಿಸಿಟ್ಟಿದ್ದೆ. ತೆರೆದಿದ್ದ ಅರ್ಧದಲ್ಲಿ ಮಾಸಲು ಕಂದು ಮಾತ್ರ ಉಳಿದಿತ್ತು. ಹೀಗಾಗಿ ಅಂತಹ ಕಾರ್ಡುಗಳನ್ನು ಯಾರಿಗೂ ಕಳುಹಿಸುತ್ತಿಲ್ಲ.

ಜಲವರ್ಣದಲ್ಲಿ ಈ ಕಾಗದ ನನಗೆ ತುಂಬ ಸಂತೋಷ ಕೊಟ್ಟಿದೆ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಬೂದುಬಣ್ಣವನ್ನು ಧಾರಾಳ ನೀರಿನಲ್ಲಿ ಹರಿಯಬಿಟ್ಟರೆ, ನೀಲಿಯ ಕಣಗಳು ಕಾಗದದ ತಗ್ಗುಗಳಲ್ಲಿ ತಂಗಿ, ಕಂದು ಅವುಗಳ ಸುತ್ತ ತೆಳುವಾಗಿ ನಿಲ್ಲುತ್ತದೆ. ದೊಡ್ಡ ಹಾಳೆಯಲ್ಲಿ ಬರಿಯ ಹರಳುಹರಳಾಗಿ ಕಾಣುವ ಈ ಗುಣ ಪುಟ್ಟ ಕಾರ್ಡಿನಲ್ಲಿ ಬಂಡೆಯ ಮೈಯಾಗಿಬಿಡುತ್ತದೆ. ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿ ಹೂವಿನಂತಹ ಗುರುತು ಎಬ್ಬಿಸುವ ಪ್ರಯೋಗಕ್ಕೂ ಅಳತೆಯ ಲೆಕ್ಕ ಉಂಟು: ಕಲ್ಲುಪ್ಪಿನ ಒಂದು ಹರಳು ಎಬ್ಬಿಸುವ ಹೂವು ಕಾರ್ಡಿನ ಕಾಲುಭಾಗವನ್ನೇ ನುಂಗುತ್ತದೆ, ಪುಡಿಯುಪ್ಪಾದರೆ ಸಾಕು. ಬಣ್ಣದ ಮೇಲಿನ ಹೊಳಪು ಇನ್ನೇನು ಆರುತ್ತದೆ ಎನ್ನುವಾಗ ಉದುರಿಸಬೇಕು. ಮುಂಚೆ ಹಾಕಿದರೆ ಉಪ್ಪು ಕರಗಿಹೋಗುತ್ತದೆ, ತಡವಾದರೆ ಏನೂ ಆಗುವುದಿಲ್ಲ.

ನನ್ನ ದೊಡ್ಡ ದೂರು ಎರಡನೆಯ ಕಟ್ಟಿನ ಬಗ್ಗೆ. ಕಾಗದ ನೀರನ್ನು ಒಮ್ಮೆಲೇ ಹೀರದಂತೆ ತಡೆಯುವುದು ಅದಕ್ಕೆ ಕೊಟ್ಟಿರುವ ಜೆಲಟಿನ್ ಲೇಪ, ಅಂದರೆ ಸೈಜಿಂಗ್. ಶಿರಸಿಯ ಜುಲೈ ತಿಂಗಳಿನ ಮಳೆಯ ತೇವದಲ್ಲಿ ಬಂದ ಆ ಕಟ್ಟಿನ ಸುಮಾರು ಇಪ್ಪತ್ತು ಕಾರ್ಡುಗಳಲ್ಲಿ ಲೇಪ ಅಲ್ಲಲ್ಲಿ ಸತ್ತುಹೋಗಿತ್ತು. ಕಣ್ಣಿಗೆ ಏನೂ ಕಾಣದು; ಬಣ್ಣ ಹಚ್ಚಿದ ಕೂಡಲೇ ಒತ್ತುಕಾಗದದ ಮೇಲೆ ಬಿದ್ದಂತೆ ಕಪ್ಪಗೆ ಇಂಗಿ, ಹಿಂಬದಿಗೂ ಮೂಡುತ್ತಿತ್ತು. ಮಾರಿದವರಿಗೆ ಎರಡು ಬಾರಿ ಬರೆದೆ, ಉತ್ತರ ಬರಲಿಲ್ಲ. ಅಂದಿನಿಂದ ಪ್ರತಿ ಕಾರ್ಡಿನ ಮೂಲೆಗೂ ಒಂದು ಹನಿ ನೀರಿಟ್ಟು ನೋಡುತ್ತೇನೆ. ಹನಿ ಗುಂಡಗೆ ಕುಳಿತರೆ ಆ ಕಾರ್ಡು ಚಿತ್ರಕ್ಕೆ, ತಕ್ಷಣ ಇಂಗಿದರೆ ಬಣ್ಣ ಪರೀಕ್ಷಿಸುವುದಕ್ಕೆ. ಒಳ್ಳೆಯವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟ ಮೇಲೆ, ಮುಂದಿನ ಮಳೆಗಾಲದಲ್ಲಿ ಒಂದೂ ಕೆಡಲಿಲ್ಲ.

ಬಣ್ಣ ತಾಗಬಾರದ ಜಾಗಕ್ಕೆ ಹಚ್ಚಿ ಆಮೇಲೆ ಕೀಳುವ ಮಾಸ್ಕಿಂಗ್ ದ್ರವವನ್ನು ಈ ಕಾಗದದ ಮೇಲೆ ಬಳಸಬೇಡಿ. ಕೀಳುವಾಗ ನಾರೂ ಕಿತ್ತು ಬರುತ್ತದೆ. ಅಂಚಿನ ಟೇಪನ್ನು ಹೇರ್ ಡ್ರೈಯರಿನಿಂದ ಕೊಂಚ ಬಿಸಿ ಮಾಡಿ ಬಿಡಿಸಿದರೆ ತೊಂದರೆಯಿಲ್ಲ. ಕತ್ತರಿಸದ, ಹರಿದಂತಿರುವ ಅಂಚು ನೋಡಲು ಸುಂದರವೇ ಆದರೂ ಒಂದೆರಡು ಮಿಲಿಮೀಟರ್ ಹೆಚ್ಚಿರುವ ಕಾರ್ಡುಗಳು ಕಾರ್ಡುಗಳನ್ನು ಜೋಡಿಸಿಡುವ ಒಂಬತ್ತು ಕಿಸೆಯ ಪ್ಲಾಸ್ಟಿಕ್ ಹಾಳೆಯೊಳಗೆ ಇಳಿಯುವುದಿಲ್ಲ. ನಾಲ್ಕನೆಯ ಕಟ್ಟನ್ನು ಖಂಡಿತ ಕೊಳ್ಳುತ್ತೇನೆ, ಆದರೆ ಬೇರೆ ಅಂಗಡಿಯಿಂದ, ಫೆಬ್ರವರಿಯ ಒಣ ಹವೆಯಲ್ಲಿ.