ಥಾರ್‌ಗೆ ರಾಕ್ ಸ್ಲೈಡರ್ ಹಾಕಿಸುವವರು ಮೊದಲು ಪೈಪಿನ ದಪ್ಪ ಅಳೆದು ನೋಡಿ

ಕಳೆದ ಮಳೆಗಾಲದಲ್ಲಿ ನಮ್ಮ ಅವ್ವ ನಮ್ಮ ಮಹೀಂದ್ರಾ ಥಾರ್ ಗಾಡಿಯ ಎಡಗಡೆ ಬಾಗಿಲು ತೆರೆಯಲಾಗದೆ ಒಳಗೇ ಸಿಕ್ಕಿಕೊಂಡಳು. ಮೊಣಕಾಲು ನೋವಿರುವ ಜೀವ. ಗೇರ್ ದಾಟಿ, ಸ್ಟೇರಿಂಗ್ ಮತ್ತು ಸೀಟಿನ ನಡುವೆ ನುಸುಳಿಕೊಂಡು ಡ್ರೈವರ್ ಕಡೆಯಿಂದ ಇಳಿಯಬೇಕಾಯಿತು. ಕೆಳಗೆ ಹಳ್ಳದ ನೀರು, ಮೇಲೆ ಜಂಬೋಟಿ ಕಡೆಯ ಮಳೆ. ಬಾಗಿಲು ಸಿಕ್ಕಿಕೊಂಡಿದ್ದು ಕಂಪನಿಯ ತಪ್ಪಿನಿಂದಲ್ಲ. ಗಾಡಿಯನ್ನು ಕಾಪಾಡಲಿ ಅಂತ ನಾನೇ ದುಡ್ಡು ಕೊಟ್ಟು ಹಾಕಿಸಿದ್ದ ರಾಕ್ ಸ್ಲೈಡರ್, ಅಂದರೆ ಕಲ್ಲಿನ ಪೆಟ್ಟು ತಡೆಯಲು ಬಾಗಿಲ ಕೆಳಗೆ ಹಾಕುವ ಪೈಪು, ಅದನ್ನು ಒತ್ತಿ ಹಿಡಿದಿತ್ತು. ಇದನ್ನು ಬರೆಯುತ್ತಿರುವುದು ಇನ್ನೊಬ್ಬರ ಅವ್ವನಿಗೆ ಹಾಗೆ ಆಗಬಾರದು ಅಂತ.

ಖಾನಾಪುರ ತಾಲ್ಲೂಕಿನಲ್ಲಿ ನಮ್ಮದು ಸ್ವಲ್ಪ ಗದ್ದೆ, ಸ್ವಲ್ಪ ಗೋಡಂಬಿ ತೋಟ ಇದೆ. ಭೀಮಗಡ ಅಭಯಾರಣ್ಯದೊಳಗೆ ನುಗ್ಗುವ ಮಾತಲ್ಲ ಇದು, ನಮ್ಮ ಹೊಲಕ್ಕೆ ಹೋಗುವ ದಾರಿಯೇ ಹಾಗಿದೆ. ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಪಾಚಿ, ನಡುವೆ ಒಂದು ಹಳ್ಳ. ಹೊಸ ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ, 226 ಮಿಲಿಮೀಟರ್. ಆದರೂ ಬಾಗಿಲ ಕೆಳಗಿನ ಪಟ್ಟಿಗೆ, ಅಂದರೆ ಸಿಲ್‌ಗೆ, ಎರಡು ಸಲ ಕಲ್ಲು ತಾಗಿತ್ತು. ಜೊತೆಗೆ ಅವ್ವನಿಗೆ ಹತ್ತಲು ಒಂದು ಮೆಟ್ಟಿಲೂ ಬೇಕಿತ್ತು. ಒಂದೇ ಸಾಮಾನಿನಲ್ಲಿ ಎರಡೂ ಕೆಲಸ ಆಗಲಿ ಅಂದುಕೊಂಡೆ.

ಬೆಳಗಾವಿಯಲ್ಲೇ ಒಂದು ಅಂಗಡಿ. ಹೆಸರು ಹೇಳುವುದಿಲ್ಲ, ಇಂಥ ಅಂಗಡಿ ಎಲ್ಲ ಊರಲ್ಲೂ ಇವೆ. ಕಪ್ಪು ಬಣ್ಣ ಬಳಿದು, ಮಿರಿಮಿರಿ ಹೊಳೆಯುವ ಜೋಡಿ ತೋರಿಸಿದರು. "ಏನ್ ಪೈಪ್ ರೀ ಇದು?" ಅಂತ ಕೇಳಿದೆ. "ಒಂದೂವರೆ ಇಂಚ್ ಹೆವಿ ಐತ್ರಿ ಸರ. ಇದರ ಮ್ಯಾಲ ಆನಿ ನಿಂತ್ರೂ ಏನೂ ಆಗಂಗಿಲ್ಲ. ಜಾಕ್ ಬೇಕಾದ್ರೂ ಇದಕ್ಕ ಹಚ್ರಿ" ಅಂದರು. ಒಂದು ಕಡೆಯದನ್ನು ನಾನೇ ಒಂದು ಕೈಯಲ್ಲಿ ಎತ್ತಿ ನೋಡಿದೆ. ಹಗುರ ಅನ್ನಿಸಿತು, ಗಾಡಿಗೆ ಭಾರ ಆಗುವುದಿಲ್ಲ ಅಂತ ಖುಷಿಯೂ ಆಯಿತು. ಅಲ್ಲೇ ಅನುಮಾನ ಬರಬೇಕಿತ್ತು. 9,500 ರೂಪಾಯಿ ಕೊಟ್ಟು, ಎರಡು ತಾಸಿನಲ್ಲಿ ಹಾಕಿಸಿಕೊಂಡು ಮನೆಗೆ ಬಂದೆ.

ಆ ದಿನ ಹಳ್ಳದಲ್ಲಿ ನೀರು ಮೊಣಕಾಲಿನವರೆಗೂ ಇರಲಿಲ್ಲ. ಎಡ ಮುಂದಿನ ಚಕ್ರ ಒಂದು ಕಲ್ಲು ಹತ್ತಿ ಆಚೆ ಇಳಿಯಿತು. ಕೂಡಲೇ ಗಾಡಿಯ ನಡುಭಾಗ ಆ ಕಲ್ಲಿನ ಮೇಲೆ ಕೂತಿತು. ಸ್ಲೈಡರ್ ಇರುವುದೇ ಇದಕ್ಕೆ, ಕಲ್ಲಿನ ಮೇಲೆ ಜಾರಿಕೊಂಡು ದಾಟಿಸಬೇಕು. ನಮ್ಮದು ಜಾರಲಿಲ್ಲ. ಖಾಲಿ ಎಣ್ಣೆ ಡಬ್ಬಿ ಅಮುಕಿದಂಥ ಸದ್ದು ಬಂತು. ಪೈಪ್ ಮೇಲಕ್ಕೆ ಮಡಚಿ ಸಿಲ್ ಒಳಗೆ ಹೊಕ್ಕಿತು, ಬಾಗಿಲಿನ ಕೆಳಗಿನ ಅಂಚನ್ನು ಎತ್ತಿ ಹಿಡಿಯಿತು. ಅವ್ವ ಹಿಡಿಕೆ ಎಳೆದಳು, ಬಾಗಿಲು ಅಲ್ಲಾಡಲಿಲ್ಲ. "ಇಂಥಾ ಪಾವಟಿಗಿ ಯಾಕ ಹಾಕಿಸಿದ್ಯೋ ತಮ್ಮಾ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವ್ವನನ್ನು ದಡಕ್ಕೆ ಕೂರಿಸಿ ಬಂದು ಇನ್ನೊಂದು ತಪ್ಪು ಮಾಡಿದೆ. ಜಾಕ್ ಹಚ್ಚಬಹುದು ಅಂದಿದ್ದರಲ್ಲ, ಉದ್ದನೆಯ ಫಾರ್ಮ್ ಜಾಕ್ ತೆಗೆದು ಅದೇ ಪೈಪಿಗೆ ಹಚ್ಚಿದೆ. ಐದಾರು ಸಲ ಹಿಡಿಕೆ ಒತ್ತಿದೆ. ಪೈಪ್ ಮೇಲೆ ಬಂತು, ಗಾಡಿ ಬರಲಿಲ್ಲ. ಮತ್ತೊಂದು ಸಲ ಒತ್ತುವಾಗ ಪೈಪನ್ನು ಗಾಡಿಗೆ ಹಿಡಿದಿದ್ದ ಒಂದು ಕಾಲಿನ ವೆಲ್ಡಿಂಗ್ ಬಿಟ್ಟುಕೊಂಡು ಜಾಕ್ ಪಕ್ಕಕ್ಕೆ ಹಾರಿತು. ಅದರ ಹಿಡಿಕೆ ನನ್ನ ಕಿವಿಯ ಪಕ್ಕದಲ್ಲೇ ಹೋಯಿತು. ಒಂದು ಗೇಣು ಈಚೆ ಇದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಕೊನೆಗೆ ಪಕ್ಕದ ಹೊಲದ ಕಾಕಾ ಟ್ರ್ಯಾಕ್ಟರ್ ತಂದು ಹಿಂದಕ್ಕೆ ಎಳೆದರು.

ನಮ್ಮ ಸೋದರಮಾವನ ಮಗ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪಿನಲ್ಲಿ ಟರ್ನರ್. ಮುರಿದ ಸ್ಲೈಡರ್ ಬಿಚ್ಚಿಕೊಂಡು ಅವನ ಹತ್ತಿರ ಹೋದೆ. ಅವನು ಗ್ರೈಂಡರ್‌ನಿಂದ ನಡುವೆ ಕತ್ತರಿಸಿದ. ಬ್ಲೇಡ್ ಒಳಗೆ ಇಳಿಯುತ್ತಿದ್ದಂತೆ ಕೆಂಪು ನೀರು ಸುರಿಯಿತು. ಎರಡೂ ತುದಿ ಪ್ಲಾಸ್ಟಿಕ್ ಬಿರಡೆ ಹಾಕಿ ಮುಚ್ಚಿದ್ದರು, ನೀರು ಹೋಗಲು ಕೆಳಗೆ ಒಂದು ತೂತೂ ಇರಲಿಲ್ಲ. ಮೂರೇ ತಿಂಗಳಿಗೆ ಒಳಗೆಲ್ಲ ತುಕ್ಕಿನ ಪುಡಿ. ಅವನು ದಪ್ಪ ಅಳೆಯುವ ವರ್ನಿಯರ್ ಹಚ್ಚಿ ನೋಡಿ, ನನ್ನ ಕೈಗೇ ಕೊಟ್ಟ. "ನೀನ ಓದ ಅಣ್ಣಾ" ಅಂದ. ಹೊರ ಅಳತೆ 38 ಮಿಲಿಮೀಟರ್. ಗೋಡೆಯ ದಪ್ಪ 1.6. ಶಾಮಿಯಾನಾದ ಕಂಬಕ್ಕೋ ಕುರ್ಚಿಯ ಕಾಲಿಗೋ ಹಾಕುವ ಪೈಪು.

ಇಲ್ಲಿ ನಾನು ಮೋಸ ಹೋಗಿದ್ದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ಒಂದೂವರೆ ಇಂಚು" ಅನ್ನುವ ಮಾತಿಗೆ ಪೇಟೆಯಲ್ಲಿ ಎರಡು ಅರ್ಥ ಇದೆ. ನೀರಿನ ಪೈಪಿನ ಲೆಕ್ಕದಲ್ಲಿ ಅದು ಒಳಗಿನ ಅಳತೆಯ ಹೆಸರು. ಉಕ್ಕಿನ ಪೈಪಿನ ಭಾರತೀಯ ಮಾನದಂಡ ಐಎಸ್ 1239 ಪ್ರಕಾರ ಒಂದೂವರೆ ಇಂಚಿನ ಪೈಪಿಗೆ ಹೊರ ಅಳತೆ ಸುಮಾರು 48.3 ಮಿಲಿಮೀಟರ್ ಬರುತ್ತದೆ. ಅದರಲ್ಲಿ ಮೂರು ದರ್ಜೆ. ಲೈಟ್ ಅಂದರೆ 2.9 ಮಿಲಿಮೀಟರ್ ದಪ್ಪ, ಮೀಡಿಯಂ 3.2, ಹೆವಿ 4. ಆದರೆ ಫರ್ನಿಚರ್ ಪೈಪಿನ ಲೆಕ್ಕದಲ್ಲಿ ಒಂದೂವರೆ ಇಂಚು ಅಂದರೆ ಹೊರಗಿನ ಅಳತೆಯೇ, 38 ಮಿಲಿಮೀಟರ್, ಮತ್ತು ದಪ್ಪ ಎಷ್ಟು ಬೇಕಾದರೂ ಇರಬಹುದು. ಅಂಗಡಿಯವರು "ಒಂದೂವರೆ ಇಂಚ್ ಹೆವಿ" ಅಂದಾಗ ನನ್ನ ತಲೆಯಲ್ಲಿ ಮೊದಲನೆಯದು ಇತ್ತು, ಅವರ ಕೈಯಲ್ಲಿ ಎರಡನೆಯದು ಇತ್ತು. ಕೆಲವರು ಗೇಜ್‌ನಲ್ಲಿ ಹೇಳುತ್ತಾರೆ. 16 ಗೇಜ್ ಅಂದರೆ ಸುಮಾರು 1.6 ಮಿಲಿಮೀಟರ್, 14 ಗೇಜ್ ಅಂದರೆ 2, 10 ಗೇಜ್ ಅಂದರೆ 3.2. ನಂಬರು ದೊಡ್ಡದಾದಷ್ಟೂ ತಗಡು ತೆಳು. ಹಾಗಾಗಿ ಇಂಚೂ ಬೇಡ, ಗೇಜೂ ಬೇಡ. ಹೊರ ಅಳತೆ ಎಷ್ಟು ಮಿಲಿಮೀಟರ್, ದಪ್ಪ ಎಷ್ಟು ಮಿಲಿಮೀಟರ್, ಇವೆರಡನ್ನೇ ಕೇಳಿ. ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ತುದಿ ಮುಚ್ಚಿದ್ದರೆ ದಪ್ಪ ಅಳೆಯುವುದು ಹೇಗೆ ಅಂತ ಕೇಳಬಹುದು. ತೂಕ ಹಾಕಿಸಿ. ತೂಕ ಸುಳ್ಳು ಹೇಳುವುದಿಲ್ಲ. ಮಿಲಿಮೀಟರ್‌ನಲ್ಲಿ ಹೊರ ಅಳತೆಯಿಂದ ದಪ್ಪವನ್ನು ಕಳೆಯಿರಿ, ಬಂದಿದ್ದನ್ನು ದಪ್ಪದಿಂದ ಗುಣಿಸಿ, ಮತ್ತೆ 0.02466ರಿಂದ ಗುಣಿಸಿ. ಒಂದು ಮೀಟರ್ ಪೈಪಿನ ತೂಕ ಕಿಲೋದಲ್ಲಿ ಸಿಗುತ್ತದೆ. ನನಗೆ ಸಿಕ್ಕ ಪೈಪು ಮೀಟರಿಗೆ ಸುಮಾರು 1.44 ಕಿಲೋ. 48.3 ಹೊರ ಅಳತೆ, 4 ದಪ್ಪ ಇರುವುದು ಮೀಟರಿಗೆ ಸುಮಾರು 4.37 ಕಿಲೋ. ಮೂರು ಪಟ್ಟು ವ್ಯತ್ಯಾಸ. ಕಪ್ಪು ಬಣ್ಣದ ಕೆಳಗೆ ಎರಡೂ ಒಂದೇ ಥರ ಕಾಣುತ್ತವೆ.

ತೆಳು ಪೈಪ್ ಯಾಕೆ ಅಷ್ಟು ಬೇಗ ಸೋಲುತ್ತದೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಪಪಾಯಿ ಎಲೆಯ ದಂಟು ನೋಡಿ. ದುಂಡಗೆ ಇರುವ ತನಕ ಗಟ್ಟಿ. ಒಂದು ಕಡೆ ಬೆರಳಲ್ಲಿ ಹಿಸುಕಿ ಚಪ್ಪಟೆ ಮಾಡಿದರೆ ಸಾಕು, ಅಲ್ಲೇ ಮಡಚಿಕೊಳ್ಳುತ್ತದೆ. ಪೈಪೂ ಹಾಗೆಯೇ, ಅದರ ಶಕ್ತಿ ಇರುವುದು ದುಂಡಗಿರುವುದರಲ್ಲಿ. ಕಲ್ಲಿನ ಮೂಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತುತ್ತದೆ. ಗಾಡಿಯ ತೂಕ ಒಂದೂಮುಕ್ಕಾಲು ಟನ್ ಹತ್ತಿರ, ಅದರಲ್ಲಿ ದೊಡ್ಡ ಪಾಲು ಒಮ್ಮೆಲೇ ಆ ಜಾಗಕ್ಕೆ ಬೀಳುತ್ತದೆ. ತೆಳು ಗೋಡೆ ಮೊದಲು ಒಳಗೆ ಕುಸಿಯುತ್ತದೆ, ಆಮೇಲೆ ಇಡೀ ಪೈಪು ಮಡಚುತ್ತದೆ. ನಮ್ಮದರಲ್ಲಿ ಕಲ್ಲು ತಾಗಿದ ಜಾಗ ಅಂಗೈಯಷ್ಟು ಅಗಲ ಚಪ್ಪಟೆಯಾಗಿತ್ತು. ಬೆಂಡ್ ಮಾಡಿದ ಜಾಗದಲ್ಲಂತೂ ಒಳಮಗ್ಗುಲಿಗೆ ಮೊದಲೇ ಸುಕ್ಕು ಬಿದ್ದಿತ್ತು. ಅದನ್ನು ಪುಟ್ಟಿ ತುಂಬಿ ಬಣ್ಣ ಬಳಿದು ಮುಚ್ಚಿದ್ದರು.

ಸೀಮ್‌ಲೆಸ್ಸೇ ಬೇಕು, ಇಆರ್‌ಡಬ್ಲ್ಯೂ ಪೈಪ್ ಕೆಲಸಕ್ಕೆ ಬರೋದಿಲ್ಲ ಅಂತ ಕೆಲವರು ಹೆದರಿಸುತ್ತಾರೆ. ಇಆರ್‌ಡಬ್ಲ್ಯೂ ಅಂದರೆ ತಗಡನ್ನು ಸುತ್ತಿ, ಉದ್ದಕ್ಕೂ ಕರೆಂಟ್‌ನಿಂದ ಬೆಸೆದದ್ದು. ಒಳಗೆ ಬೆರಳು ಹಾಕಿದರೆ ಬೆಸುಗೆಯ ಗೆರೆ ತಾಗುತ್ತದೆ. ಸೀಮ್‌ಲೆಸ್ಸಿಗೆ ಆ ಗೆರೆ ಇಲ್ಲ, ದುಡ್ಡು ಜಾಸ್ತಿ. ನನ್ನ ಮಾತು ಕೇಳಿದರೆ, ನಮ್ಮಂಥವರ ಹೊಲದ ದಾರಿಗೆ ಒಳ್ಳೆಯ ದಪ್ಪದ ಇಆರ್‌ಡಬ್ಲ್ಯೂ ಸಾಕು. ಬೆಂಡ್ ಮಾಡುವಾಗ ಆ ಗೆರೆ ಒಳಮಗ್ಗುಲಿಗೂ ಬರಬಾರದು, ಹೊರಮಗ್ಗುಲಿಗೂ ಬರಬಾರದು, ಪಕ್ಕಕ್ಕೆ ಇರಬೇಕು. ಸತು ಲೇಪಿಸಿದ ಜಿಐ ಪೈಪ್ ಮಾತ್ರ ಬೇಡ. ತುಕ್ಕು ಹಿಡಿಯಲ್ಲ ಅಂತ ಅದನ್ನು ಮಾರುವವರಿದ್ದಾರೆ. ಅದರ ಮೇಲಿನ ಸತುವನ್ನು ಉಜ್ಜಿ ತೆಗೆಯದೆ ವೆಲ್ಡಿಂಗ್ ಮಾಡಿದರೆ ಬೆಸುಗೆಯಲ್ಲಿ ಗುಳ್ಳೆ ಬೀಳುತ್ತವೆ. ಆ ಬಿಳಿ ಹೊಗೆ ಕುಡಿದ ಹುಡುಗನಿಗೆ ಸಂಜೆ ಚಳಿಜ್ವರ ಬರುತ್ತದೆ. ನಮ್ಮ ಗಾಡಿಗೋಸ್ಕರ ಅವನ ಆರೋಗ್ಯ ಯಾಕೆ ಕೆಡಬೇಕು, ಅಲ್ವಾ?

ಪೈಪಿಗಿಂತ ದೊಡ್ಡ ತಪ್ಪು ಅದನ್ನು ಕೂರಿಸಿದ ರೀತಿಯಲ್ಲಿತ್ತು. ಥಾರ್, ಗೂರ್ಖಾ, ಜಿಮ್ನಿ, ಹಳೆಯ ಜಿಪ್ಸಿ, ಇವಕ್ಕೆಲ್ಲ ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು, ಅಂದರೆ ಚಾಸಿಸ್ ಇದೆ, ಬಾಡಿ ಅದರ ಮೇಲೆ ರಬ್ಬರ್ ಇಟ್ಟು ಕೂತಿರುತ್ತದೆ. ಸ್ಲೈಡರ್‌ನ ಭಾರ ಚಾಸಿಸ್‌ಗೆ ಹೋಗಬೇಕು, ಬಾಡಿಯನ್ನು ಮುಟ್ಟಲೇಬಾರದು. ನನ್ನದಕ್ಕೆ ಒಂದೊಂದು ಕಡೆಗೂ ಮೂರು ಕಾಲು ಇದ್ದವು. ಒಂದನ್ನು ಸಿಲ್‌ನ ಕೆಳಗಿನ ಅಂಚಿಗೇ ಸ್ಕ್ರೂ ಹಾಕಿದ್ದರು. ಇನ್ನೊಂದನ್ನು 3 ಮಿಲಿಮೀಟರ್ ಪಟ್ಟಿಯಲ್ಲಿ ಎರಡು ಸಣ್ಣ ಬೋಲ್ಟ್ ಹಾಕಿ ನಿಲ್ಲಿಸಿದ್ದರು. ಮೂರನೆಯದನ್ನು ನನ್ನನ್ನು ಕೇಳದೆ ಚಾಸಿಸ್‌ಗೆ ನೇರ ವೆಲ್ಡ್ ಮಾಡಿದ್ದರು, ಬ್ಯಾಟರಿ ಕನೆಕ್ಷನ್ ಕೂಡ ತೆಗೆಯದೆ. ಈಗಿನ ಗಾಡಿಯಲ್ಲಿ ಇಂಜಿನ್‌ಗೂ ಬ್ರೇಕ್‌ಗೂ ಕಂಪ್ಯೂಟರ್ ಇದೆ, ಚಾಸಿಸ್ ಗುಂಟ ಬ್ರೇಕ್ ಪೈಪು, ವೈರಿಂಗ್ ಓಡುತ್ತವೆ. ಏನೂ ಸುಟ್ಟುಹೋಗದೆ ಉಳಿದದ್ದು ನನ್ನ ಪುಣ್ಯ. ಜಾಕ್ ಹಾರಿದ್ದು ಆ ಕಾಲಿನಿಂದಲೇ. ಬಿಟ್ಟ ಜಾಗ ನೋಡಿದರೆ ಬೆಸುಗೆ ಚಾಸಿಸ್ ಒಳಗೆ ಇಳಿದೇ ಇರಲಿಲ್ಲ, ಮೇಣ ಹನಿಸಿದ ಹಾಗೆ ಮೇಲೆ ಕೂತಿತ್ತು. ಕಂಪನಿಯ ಬಣ್ಣವನ್ನೂ ಉಜ್ಜಿ ತೆಗೆಯದೆ ಬೆಸೆದಿದ್ದರು!

ಇನ್ನೊಂದು ಮಾತು, ಅದು ಸಿಲ್‌ಗಿಂತ ನಾಲ್ಕು ಇಂಚು ಕೆಳಗೆ ಜೋತುಬಿದ್ದಿತ್ತು. ಥಾರ್‌ನ ಹೊಟ್ಟೆ ದಿಬ್ಬಕ್ಕೆ ತಾಗದೆ ದಾಟುವ ಕೋನ 27 ಡಿಗ್ರಿ ಅಂತ ಕಂಪನಿ ಹೇಳುತ್ತದೆ. ನಡುವೆ ನಾಲ್ಕು ಇಂಚು ಪೈಪ್ ಇಳಿಬಿಟ್ಟರೆ ಆ ಅನುಕೂಲವನ್ನು ನಾವೇ ಕಳೆದುಕೊಂಡ ಹಾಗೆ. ಸ್ಲೈಡರ್ ಹಾಕಿಸದೆ ಇದ್ದಿದ್ದರೆ ಆ ಕಲ್ಲು ತಾಗುತ್ತಲೇ ಇರಲಿಲ್ಲವೇನೋ.

ಕತ್ತರಿಸಿದ ತುಂಡು ಹಿಡಿದು ಅಂಗಡಿಗೆ ಹೋದೆ. "ಕಲ್ಲಿನ ಮ್ಯಾಲ ಹಾಕ್ತೀರಂತ ನೀವ್ ಎಲ್ಲಿ ಹೇಳಿದ್ರಿ ಸರ? ಇದು ಫೂಟ್ ಸ್ಟೆಪ್ ರೀ" ಅಂದರು. ಮಾರುವಾಗ ರಾಕ್ ಸ್ಲೈಡರ್, ಮುರಿದ ಮೇಲೆ ಫೂಟ್ ಸ್ಟೆಪ್. ಬಿಲ್ಲು ತೆಗೆದು ನೋಡಿದರೆ "ಸೈಡ್ ಪೈಪ್" ಅಂತ ಮಾತ್ರ ಇತ್ತು. ಒಂದು ರೂಪಾಯಿ ವಾಪಸ್ ಬರಲಿಲ್ಲ. ಸಿಲ್ ಎಳೆದು, ಬಾಗಿಲು ಸರಿಮಾಡಿ, ಬಣ್ಣ ಹೊಡೆಸಲು 23,000 ಹೋಯಿತು. ಹೊರಗಿನ ಸಾಮಾನು ಹಾಕಿಸಿದ್ದೀರಿ ಅಂತ ವಿಮೆಯವರೂ ಕೈ ಎತ್ತಿದರು.

ಕಾನೂನಿನ ಮಾತೂ ತಿಳಿದುಕೊಂಡಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ತಡೆ ಹಾಕುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಯ ಮುಂದೆ ಕಬ್ಬಿಣದ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಸ್ಲೈಡರ್ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ, ವಿಮೆಯವರ ಹತ್ತಿರವೂ ಕೇಳಿ ಮುಂದುವರಿಯಿರಿ. ನಾನು ಮೊದಲ ಸಲ ಯಾರನ್ನೂ ಕೇಳಿರಲಿಲ್ಲ.

ಈ ಸಲ ಇಬ್ಬರನ್ನೂ ಕೇಳಿದ ಮೇಲೆಯೇ, ಮಾವನ ಮಗನ ಕಣ್ಣೆದುರಿಗೆ ಮಾಡಿಸಿದೆ. ಪೈಪಿನ ತುದಿ ತೆರೆದೇ ಇತ್ತು, ವರ್ನಿಯರ್ ಹಚ್ಚಿ 4 ಮಿಲಿಮೀಟರ್ ಅಂತ ಖಾತ್ರಿ ಆದ ಮೇಲೆಯೇ ಕೆಲಸ ಶುರು. ಒಂದೊಂದು ಕಡೆಗೂ ನಾಲ್ಕು ಕಾಲು. ಚಾಸಿಸ್‌ಗೆ ತಾಗುವ ಕಡೆ 6 ಮಿಲಿಮೀಟರ್ ದಪ್ಪದ ಅಗಲ ಪ್ಲೇಟು, ಎಲ್ಲವೂ 10.9 ಅನ್ನುವ ಗಟ್ಟಿ ದರ್ಜೆಯ ಬೋಲ್ಟು. ಚಾಸಿಸ್‌ಗೆ ಒಂದು ಚುಕ್ಕೆಯೂ ವೆಲ್ಡಿಂಗ್ ಇಲ್ಲ. ಪೈಪನ್ನು ಸಿಲ್‌ಗೆ ಸಮನಾಗಿ ಎತ್ತರಿಸಿ, ಬಾಡಿಗೂ ಅದಕ್ಕೂ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದೇವೆ. ಗಾಡಿ ತಿರುಚಿಕೊಂಡಾಗಲೂ ತಾಗಬಾರದು. ಪೈಪಿನ ಕೆಳಗೆ ನೀರು ಇಳಿಯಲು ತೂತು. ಪುಡಿ ಬಣ್ಣವನ್ನು ಬಿಸಿಮಾಡಿ ಅಂಟಿಸುವ ಪೌಡರ್ ಕೋಟಿಂಗ್ ಬೇಡ ಅಂದೆ. ಕಲ್ಲಿಗೆ ಒಂದು ಕಡೆ ಎದ್ದರೆ ಅದರಡಿ ತುಕ್ಕು ಸದ್ದಿಲ್ಲದೆ ಹರಡುತ್ತದೆ, ಸಾದಾ ಬಣ್ಣವಾದರೆ ಮನೆಯಲ್ಲೇ ಬ್ರಷ್ ಹಿಡಿದು ಹಚ್ಚಬಹುದು. ಒಂದು ಕಡೆಯದು 20 ಕಿಲೋ ದಾಟಿತು. ಎರಡೂ ಕೈ ಹಾಕಿ ಎತ್ತಬೇಕು.

ಗಾಡಿಗೆ ಕೂರಿಸುವ ಮೊದಲು ಅದರ ಎರಡು ತುದಿಗೆ ಕಲ್ಲು ಇಟ್ಟು ನಾವು ನಾಲ್ವರು ನಡುವೆ ನಿಂತು ನೋಡಿದೆವು. ಕೂರಿಸಿದ ಮೇಲೆ ಅದೇ ಪೈಪಿಗೆ ಜಾಕ್ ಹಚ್ಚಿ, ಕೆಲಸ ಮಾಡಿಸಿದ ಜಾಗದ ಸಿಮೆಂಟ್ ನೆಲದ ಮೇಲೆ, ಇಡೀ ಎಡಮಗ್ಗುಲು ಎತ್ತಿದೆವು. ಎತ್ತಿದ ಹಾಗೇ ಅವ್ವನ ಕಡೆಯ ಬಾಗಿಲನ್ನು ತೆರೆದು ಹಾಕಿ, ತೆರೆದು ಹಾಕಿ ನೋಡಿದೆ. ಅವ್ವನಿಗೆ ಹತ್ತಲು ಬೇರೆ ಒಂದು ಸಣ್ಣ ಮರದ ಮಣೆ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೇನೆ.