ಲಾಲ್‌ಬಾಗ್‌ನ ಅಳಿಲಿಗೆ ಯಾವ ಲೆನ್ಸ್? ಫೋನು, ಸೂಪರ್‌ಜೂಮ್, 55-250, 150-600

ಊರೊಳಗಿನ ಅಳಿಲು, ಹಕ್ಕಿ, ಓತಿಕ್ಯಾತಗಳ ಫೋಟೋ ತೆಗೆಯಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಒಂದೇ: ಎಷ್ಟು ಜೂಮ್ ಬೇಕು? ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ ಸಾಕು ಅಂದರೆ ಯಾರೂ ನಂಬುವುದಿಲ್ಲ. ನಾಲ್ಕು ಬಗೆಯ ಸರಂಜಾಮು ಹಿಡಿದು ಬೆಂಗಳೂರಿನ ಪಾರ್ಕು, ಕೆರೆ ಸುತ್ತಿದ ಮೇಲೂ ನನ್ನ ಮಾತು ಅದೇ.

ಬಂಡೀಪುರದ ಲೆಕ್ಕ ಬೇರೆ. ಅಲ್ಲಿ ಜೀಪಿನಿಂದ ಇಳಿಯುವ ಹಾಗಿಲ್ಲ. ಪ್ರಾಣಿ ಎಷ್ಟೇ ದೂರ ಇದ್ದರೂ ಕೂತಲ್ಲಿಂದಲೇ ಫೋಟೋ ಹೊಡೆಯಬೇಕು, ಹಾಗಾಗಿ ಉದ್ದ ಲೆನ್ಸ್ ಬೇಕೇ ಬೇಕು. ಲಾಲ್‌ಬಾಗ್‌ನ 240 ಎಕರೆಯಲ್ಲಿ ವಾಕಿಂಗ್ ಬರುವವರ ಕಾಲ ಹತ್ತಿರವೇ ಅಳಿಲು ಓಡಾಡುತ್ತವೆ. ಕೆರೆ ದಡದಲ್ಲಿ ಕೊಳದ ಬಕ ನಿಂತಿದ್ದರೆ, ಐದಾರು ಮೀಟರ್ ಆಚೆ ನೀವು ಸುಮ್ನೆ ಕೂತರೂ ಅದರ ಕಣ್ಣು ಮೀನಿನ ಮೇಲೆಯೇ. ಇಲ್ಲಿನ ಜೀವಿಗಳಿಗೆ ಮನುಷ್ಯರನ್ನು ನೋಡಿ ನೋಡಿ ಅಭ್ಯಾಸ ಆಗಿದೆ. ಊರಿನ ಫೋಟೋಗ್ರಾಫರ್‌ಗೆ ಸಿಗುವ ದೊಡ್ಡ ಅನುಕೂಲ ಅದು. ಲೆನ್ಸ್ ಆರಿಸುವಾಗ ಅದನ್ನೇ ಮರೆತುಬಿಡುತ್ತೇವೆ.

ನಾನು ಹೋಲಿಸಿದ್ದು ಇವನ್ನು. ಒಂದು, 3 ಪಟ್ಟು ಟೆಲಿ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್, ಇರುವ ಫೋನು. ಎರಡು, ಭಾವನಿಂದ ತಂದ ನಿಕಾನ್ ಪಿ950. 24ರಿಂದ 2000 ಎಂಎಂವರೆಗೆ (ಎಂಎಂ ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಅಂದರೆ 83 ಪಟ್ಟು ಜೂಮ್ ಇರುವ ಸೂಪರ್‌ಜೂಮ್ ಅದು. ಮೂರು, ನನ್ನದೇ ಕ್ಯಾನನ್ 200ಡಿ, ಲೆನ್ಸ್ ಬದಲಾಯಿಸಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದರ ಜೊತೆ 55-250 ಎಂಎಂ ಎಸ್‌ಟಿಎಂ ಲೆನ್ಸ್. ನಾಲ್ಕು, ಅದೇ ಕ್ಯಾಮೆರಾ ಬಾಡಿಗೆ ಬಾಡಿಗೆಗೆ ತಂದ ಟ್ಯಾಮ್ರಾನ್ 150-600 ಜಿ2. ಬಾಡಿಗೆ ಬಾಡಿಗೆಗೆ ಅಂತ ಬರೆಯುವಾಗ ನನಗೇ ನಗು ಬಂತು. ಇರಲಿ.

ಮೊದಲು ಅಳಿಲು. ಇದಕ್ಕಿಂತ ಒಳ್ಳೆಯ ಮೇಷ್ಟ್ರು ಊರಲ್ಲಿ ಸಿಗಲ್ಲ. ಎಲ್ಲ ಕಡೆ ಇದೆ, ಪುಟ್ಟದು, ಒಂದು ಕ್ಷಣ ಸುಮ್ಮನಿರಲ್ಲ. ಅದು ಚಿಕ್ ಚಿಕ್ ಅಂತ ಕೂಗುವಾಗ ಗಮನಿಸಿ ನೋಡಿ. ಒಂದೊಂದು ಕೂಗಿಗೂ ಬಾಲ ಛಟ್ಟನೆ ಮೇಲೆ ಹಾರುತ್ತದೆ, ಜೊತೆಗೆ ಇಡೀ ಮೈ ಅದುರುತ್ತದೆ. ಎರಡು ಕೂಗಿನ ನಡುವೆ ಒಂದು ಸಣ್ಣ ಬಿಡುವು. ಶಟರ್ ವೇಗ 1/250ರಲ್ಲಿ, ಅಂದರೆ ಸೆಕೆಂಡಿನ 250ರಲ್ಲೊಂದು ಭಾಗದಲ್ಲಿ, ಹೊಡೆದರೆ ಬಾಲ ಹೊಗೆಯಾಗುತ್ತದೆ, ಮೀಸೆ ಮಾಯ. 1/1000ಕ್ಕೆ ಏರಿಸಿ, ಆ ಬಿಡುವಿನಲ್ಲಿ ಒತ್ತಿದರೆ ಮೀಸೆಯ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಲೆನ್ಸಿನಲ್ಲಿರುವ ಸ್ಟೆಬಿಲೈಸರ್ ಇಲ್ಲಿ ಕೈಕೊಡುತ್ತದೆ. ಅದು ತಡೆಯುವುದು ನಮ್ಮ ಕೈಯ ನಡುಕವನ್ನು, ಅಳಿಲಿನ ನಡುಕವನ್ನಲ್ಲ.

ಈ ಕೆಲಸಕ್ಕೆ 55-250 ಎದುರು ಉಳಿದ ಮೂರೂ ಸೋತವು. ಕಾರಣ ಗಾಜಿನ ಗುಣಮಟ್ಟ ಅಲ್ಲ. ಈ ಲೆನ್ಸಿನ ತೂಕ 375 ಗ್ರಾಂ. ಕ್ಯಾಮೆರಾ ಸಮೇತ ಒಂದು ಕೈಯಲ್ಲಿ ಹಿಡಿದು, ಹುಲ್ಲಿನ ಮೇಲೆ ಬೋರಲು ಮಲಗಿ, ಅಳಿಲಿನ ಕಣ್ಣಿನ ಮಟ್ಟಕ್ಕೆ ಇಳಿಯಬಹುದು. 85 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಬೆಳಕು ಹಿಡಿಯುವ ಸೆನ್ಸರ್ ಈ ಕ್ಯಾನನ್‌ನಲ್ಲಿ ಫುಲ್‌ಫ್ರೇಮ್‌ಗಿಂತ ಸಣ್ಣದು, ಹಾಗಾಗಿ 1.6ರಿಂದ ಗುಣಿಸಿದರೆ 250 ಅಂದರೆ 400 ಎಂಎಂ ನೋಟ. ನಾಲ್ಕು ಮೀಟರ್ ದೂರದ ಅಳಿಲಿಗೆ ಇನ್ನೆಷ್ಟು ಬೇಕು?

150-600 ತಂದ ದಿನ ಅದೇ ಮರ, ಅದೇ ಬೆಳಕು. ಲೆನ್ಸ್ ಒಂದೇ 2 ಕಿಲೋ. ಅದು 2.2 ಮೀಟರ್‌ಗಿಂತ ಹತ್ತಿರ ಫೋಕಸ್ ಮಾಡಲ್ಲ. ನಾನು ಹಿಂದೆ ಸರಿಯುವಷ್ಟರಲ್ಲಿ ಅಳಿಲು ಮರದ ಆಚೆ ಬದಿಗೆ. ಮಲಗಿ ಹೊಡೆಯೋಣ ಅಂದರೆ ಕೊರಳು ನೋವು. ನಿಂತು ಹೊಡೆದರೆ ಮೇಲಿಂದ ತೆಗೆದ ಫೋಟೋ, ಅದು ಎಷ್ಟು ಶಾರ್ಪ್ ಇದ್ದರೂ ಚೆನ್ನಾಗಿರಲ್ಲ. ಇನ್ನೊಂದು ತೊಂದರೆ ಜನ ಹೇಳುವುದೇ ಇಲ್ಲ. ಐದು ಮೀಟರ್ ದೂರಕ್ಕೆ 400 ಎಂಎಂ, ಎಫ್ 6.3ರಲ್ಲಿ (ಬೆಳಕು ಬಿಡುವ ಕಿಂಡಿಯ ಅಳತೆ ಅದು) ಫೋಕಸ್ ಸಿಗುವ ಆಳ ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ. ಕಣ್ಣು ಶಾರ್ಪ್, ಬಾಲ ಮಂಜು. ಜೂಮ್ ಜಾಸ್ತಿ ಮಾಡಿದಷ್ಟೂ ಆ ಪಟ್ಟಿ ತೆಳ್ಳಗಾಗುತ್ತದೆ, ಕಣ್ಣು ಬಿಟ್ಟು ಕಿವಿ ಮೇಲೆ ಫೋಕಸ್ ಕೂರುವ ಸಾಧ್ಯತೆಯೂ ಅಷ್ಟೇ ಹೆಚ್ಚು.

ಫೋನ್ ಬಗ್ಗೆ ನನಗೆ ಮೊದಲಿನಷ್ಟು ತಿರಸ್ಕಾರ ಇಲ್ಲ. ಎಲೆ ಮೇಲೆ ಕೂತ ಚಿಟ್ಟೆ, ಬೇಲಿ ಮೇಲೆ ಬಿಸಿಲು ಕಾಯುವ ಓತಿಕ್ಯಾತ, ಇವಕ್ಕೆ 3 ಪಟ್ಟು ಟೆಲಿ ಧಾರಾಳವಾಗಿ ಸಾಕು. ಹತ್ತಿರ ಹೋಗಿ ಹೊಡೆದ ಓತಿಕ್ಯಾತನ ಮುಳ್ಳಿನ ಸಾಲು ಫೋನಿನಲ್ಲೂ ಚೊಕ್ಕವಾಗಿ ಬಂದಿದೆ. ಕೊಂಬೆ ಮೇಲಿನ ಹಕ್ಕಿಗೆ 10 ಪಟ್ಟು, 30 ಪಟ್ಟು ಅಂತ ಬೆರಳು ಹಿಗ್ಗಿಸಿದಾಗ ಕಥೆ ಬದಲಾಗುತ್ತದೆ. ಅಲ್ಲಿ ಫೋನು ಫೋಟೋ ತೆಗೆಯುವುದಕ್ಕಿಂತ ಜಾಸ್ತಿ ಊಹೆ ಮಾಡುತ್ತದೆ. ಕುಟ್ರುಹಕ್ಕಿಯ ಎದೆಯ ಮೇಲೆ ಗೆರೆಗೆರೆ ಇರಬೇಕು. ನನ್ನ ಫೋನು ಅದನ್ನೆಲ್ಲ ಒರೆಸಿ, ಅಂಚಿಗೆ ಒಂದು ಕರಿ ಗೆರೆ ಎಳೆದು ಕೊಟ್ಟಿತ್ತು. ವಾಟ್ಸಾಪ್‌ನಲ್ಲಿ ನೋಡಿದರೆ ಶಾರ್ಪ್, ದೊಡ್ಡದು ಮಾಡಿದರೆ ಬಣ್ಣ ಬಳಿದ ಗೋಡೆ. ಮೇಲಾಗಿ ಫೋನು ಹಲವು ಚಿತ್ರ ಸೇರಿಸಿ ಒಂದು ಮಾಡುತ್ತದೆ. ಅಷ್ಟರಲ್ಲಿ ಹಕ್ಕಿ ತಲೆ ತಿರುಗಿಸಿದರೆ ಕೊಕ್ಕು ಕಲಸಿಹೋಗುತ್ತದೆ.

ಇನ್ನು ಸೂಪರ್‌ಜೂಮ್. ಇದರ ಮೇಲೆ ನನಗೆ ಪ್ರೀತಿಯೂ ಇದೆ, ತಕರಾರೂ ಇದೆ. ಹಿಡಿದ ಮೊದಲ ಗಂಟೆ ಮಜಾ. ಲಾಲ್‌ಬಾಗ್ ಕೆರೆಯ ನಡುವಿನ ಮರದಲ್ಲಿ ಕೂತ ಹಾವಕ್ಕಿಯ ಕಣ್ಣು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಡಯಲ್ ಮೇಲೆ ಹಕ್ಕಿಗಳಿಗೇ ಅಂತ ಒಂದು ಮೋಡ್, ಚಂದ್ರನಿಗೆ ಇನ್ನೊಂದು. 2000 ಎಂಎಂನಲ್ಲಿ ಹಕ್ಕಿ ಕಳೆದುಹೋದರೆ ಲೆನ್ಸ್ ಪಕ್ಕದ ಗುಂಡಿ ಒತ್ತಿ ಹಿಡಿಯಬಹುದು. ನೋಟ ಅಗಲವಾಗುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಜೂಮಿಗೆ ವಾಪಸ್. ಇದು ನಿಜಕ್ಕೂ ಬುದ್ಧಿವಂತಿಕೆಯ ಕೆಲಸ.

ತಕರಾರು ಬೆಳಕಿನದು. ಈ ಜಾತಿಯ ಕ್ಯಾಮೆರಾಗಳಲ್ಲಿ ಸೆನ್ಸರ್ ಪುಟ್ಟದು, 1/2.3 ಇಂಚಿನದು. 200ಡಿಯ ಸೆನ್ಸರ್ ಅದಕ್ಕಿಂತ ಹತ್ತು ಪಟ್ಟಿಗೂ ಮೀರಿ ದೊಡ್ಡದು. ಮರದ ಪೊಟರೆಯಲ್ಲಿ ಕೂತ ಹಾಲಕ್ಕಿಗೆ ನೆರಳಿನಲ್ಲಿ 1/500 ಬೇಕು ಅಂದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರುತ್ತದೆ. ಐಎಸ್‌ಒ 1600ಕ್ಕೆ ನನ್ನ ಡಿಎಸ್‌ಎಲ್‌ಆರ್‌ನಲ್ಲಿ ಸಣ್ಣ ಕಾಳು ಕಂಡರೂ ರೆಕ್ಕೆಯ ಚುಕ್ಕಿ ಉಳಿಯುತ್ತದೆ. ಸೂಪರ್‌ಜೂಮ್‌ನಲ್ಲಿ ಚುಕ್ಕಿಯೂ ಕಾಳೂ ಒಂದಾಗುತ್ತವೆ. ಬಿಸಿಲಿದ್ದಾಗ ಮಾತ್ರ ಇದು ರಾಜ.

ಆದರೆ ಬಿಸಿಲು ಏರಿತೋ, ಇನ್ನೊಂದು ಕಾಟ. ಕೆಂಪೇಗೌಡ ಗೋಪುರ ಇರುವ ಬಂಡೆ ಗೊತ್ತಲ್ವಾ, 300 ಕೋಟಿ ವರ್ಷ ಹಳೆಯದು ಅಂತ ಬೋರ್ಡ್ ಹಾಕಿರುವುದು. ಬಂಡೆ ಓತಿಕ್ಯಾತಕ್ಕೆ ಇಂಥ ಜಾಗ ಅಂದರೆ ಇಷ್ಟ. ಗಂಡಿಗೆ ಜೋಡಿ ಸೇರುವ ಕಾಲದಲ್ಲಿ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಎದುರಾದರೆ ನೋಡನೋಡುತ್ತಲೇ ಬಣ್ಣ ಬದಲಾಗುತ್ತದೆ. ಇಂಥದ್ದನ್ನು ದೂರದಲ್ಲಿ ನಿಂತು 2000 ಎಂಎಂನಲ್ಲಿ ಹೊಡೆದರೆ ಒಂದೂ ಶಾರ್ಪ್ ಬರಲ್ಲ. ಕ್ಯಾಮೆರಾ ತಪ್ಪಲ್ಲ ಅದು. ಕಾದ ಬಂಡೆಯಿಂದ ಏಳುವ ಬಿಸಿಗಾಳಿ ನಡುವೆ ಕುಣಿಯುತ್ತಿರುತ್ತದೆ, ಜೂಮ್ ಮಾಡಿದಾಗ ಆ ಕುಣಿತವೂ ದೊಡ್ಡದಾಗುತ್ತದೆ. ಟ್ರೈಪಾಡ್ ಹಾಕಿದರೂ ಅಷ್ಟೇ, 150-600ರಲ್ಲೂ ಅಷ್ಟೇ. ಪರಿಹಾರ ಎರಡೇ. ಬೆಳಗ್ಗೆ ಬಂಡೆ ತಣ್ಣಗಿದ್ದಾಗ ಬನ್ನಿ, ಇಲ್ಲವೇ ಹತ್ತಿರ ಹೋಗಿ. ಓತಿಕ್ಯಾತ ಮೊದಲು ಬಿರುಕಿನೊಳಗೆ ಓಡುತ್ತದೆ. ಅಲ್ಲೇ ಕೂತು ಅಲುಗಾಡದೆ ಕಾದರೆ ತಲೆ ಹೊರಗೆ ಹಾಕುತ್ತದೆ. ಆಗ 55-250 ಕೈಯಲ್ಲಿರಲಿ.

ಹಾಗಾದರೆ 150-600 ಯಾಕೆ ಬೇಕು? ಕೆರೆಗೆ ಬೇಕು. ಹೆಬ್ಬಾಳ ಕೆರೆಯಲ್ಲೋ ಕೈಕೊಂಡ್ರಹಳ್ಳಿ ಕೆರೆಯಲ್ಲೋ ಹೆಜ್ಜಾರ್ಲೆ ನೀರಿನ ನಡುವೆ ಇರುತ್ತದೆ, ನಾವು ಈಜಿಕೊಂಡು ಹೋಗುವ ಹಾಗಿಲ್ಲ. ಅಲ್ಲಿ ಅದಕ್ಕೂ ಸೂಪರ್‌ಜೂಮ್‌ಗೂ ಪೈಪೋಟಿ. ನಿಂತ ಹಕ್ಕಿ, ಒಳ್ಳೆ ಬಿಸಿಲು, ಫೋಟೋ ಹಾಕುವುದು ಫೋನ್ ಸ್ಕ್ರೀನಿಗೆ ಅಂದರೆ ಸೂಪರ್‌ಜೂಮ್ ಸಾಕು, ತೂಕ ಬರೀ ಒಂದು ಕಿಲೋ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿ ಹಾರಿತು ಅಂದರೆ ಟ್ಯಾಮ್ರಾನ್ ಗೆಲ್ಲುತ್ತದೆ, ಫೋಕಸ್ ಹಿಂಬಾಲಿಸುವ ವೇಗಕ್ಕೆ ಹೋಲಿಕೆಯೇ ಇಲ್ಲ. ಅದನ್ನು ಒಂಟಿ ಕಾಲಿನ ಮೊನೊಪಾಡ್ ಮೇಲೆ ಕೂರಿಸಿಕೊಳ್ಳಿ. ಟ್ರೈಪಾಡ್ ಹೊತ್ತುಕೊಂಡು ಹೋದರೆ ದಾರಿ ತುಂಬಾ ಕಾಲು ಚಾಚಿ ವಾಕಿಂಗ್ ಅಂಕಲ್‌ಗಳ ಬೈಗುಳ ತಿನ್ನಬೇಕಾಗುತ್ತದೆ.

ಸೆಟ್ಟಿಂಗ್‌ನಲ್ಲೂ ಎರಡು ದಾರಿ ಹೋಲಿಸಿದೆ. ಆಟೋ ಮೋಡ್ ಐಎಸ್‌ಒ ಕಡಿಮೆ ಇಡಲು ನೋಡಿ ಶಟರ್ ನಿಧಾನ ಮಾಡಿಬಿಡುತ್ತದೆ. ಅದರ ಬದಲು ಶಟರ್ ವೇಗ ನಾನೇ ಹಿಡಿದು, ಐಎಸ್‌ಒ ಆಟೋಗೆ ಬಿಟ್ಟೆ. ಕಾಳು ಬಂದರೂ ಬರಲಿ. ಕಾಳನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಕಡಿಮೆ ಮಾಡಬಹುದು, ಅಲುಗಿದ ಫೋಟೋಗೆ ಮದ್ದಿಲ್ಲ. ಫೋಕಸ್‌ಗೆ ಎಲ್ಲ ಚುಕ್ಕಿ ಆನ್ ಇಟ್ಟರೆ ಅದು ಹತ್ತಿರದ ಎಲೆ ಹಿಡಿಯುತ್ತದೆ. 200ಡಿಯಲ್ಲಿ ಇರುವುದೇ 9 ಚುಕ್ಕಿ, ನಡುವಿನದೊಂದನ್ನೇ ಇಟ್ಟು ಕಣ್ಣಿನ ಮೇಲೆ ಕೂರಿಸುತ್ತೇನೆ. ಓಡಾಡುವ ಜೀವಿಗೆ ಫೋಕಸ್ ಹಿಂಬಾಲಿಸುತ್ತಲೇ ಇರುವ ಎಐ ಸರ್ವೋ ಮೋಡ್, ನಿಂತ ಬಕಕ್ಕೆ ಒಮ್ಮೆ ಫೋಕಸ್ ಹಿಡಿದು ನಿಲ್ಲಿಸುವ ಒನ್ ಶಾಟ್. ಬಕಕ್ಕೆ 1/200 ಕೂಡ ನಡೆಯುತ್ತದೆ, ಮೀನಿಗೆ ಕೊಕ್ಕು ಹಾಕುವವರೆಗೂ ಅದು ಕಲ್ಲು.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಪಾರ್ಕು, ಕಾಂಪೌಂಡು, ತಾರಸಿ ನಿಮ್ಮ ಜಾಗ ಆದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಜೊತೆಗೆ 55-250. ಕೆರೆ ದಡದಲ್ಲೇ ಹೆಚ್ಚು ಹೊತ್ತು ಕಳೆಯುವವರು, ಹಕ್ಕಿ ಗುರುತು ಹಿಡಿಯಲು ಫೋಟೋ ಬೇಕಾದವರು ಸೂಪರ್‌ಜೂಮ್ ತಗೊಳ್ಳಿ, ಬೇಜಾರಾಗಲ್ಲ. 150-600 ಮಾತ್ರ ಮೊದಲು ಬಾಡಿಗೆಗೆ ತಂದು ಒಂದು ವಾರಾಂತ್ಯ ಹೊತ್ತು ನೋಡಿ. ಹಾರುವ ಹಕ್ಕಿ ಹೊಡೆಯುವ ಚಟ ನಿಮಗಿದೆಯೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ. ಆ ಅಭ್ಯಾಸಕ್ಕೆ ಮಾಂಸದಂಗಡಿ ಸಾಲಿನ ಮೇಲೆ ಸುತ್ತುವ ಹದ್ದುಗಳೇ ಒಳ್ಳೆಯದು, ಒಂದು ತಪ್ಪಿದರೆ ಇನ್ನೊಂದು ಬರುತ್ತಿರುತ್ತದೆ. ಶಟರ್ 1/2000, ಬಿಳಿ ಆಕಾಶ ಇದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಮೇಲೆ, ಅಂದರೆ ಬೆಳಕು ಎರಡು ಪಟ್ಟು. ಇಲ್ಲದಿದ್ದರೆ ಹದ್ದಿನ ಹೊಟ್ಟೆ ಪೂರ್ತಿ ಕಪ್ಪಾಗಿ, ಗರಿಗಳು ಕಾಣುವುದೇ ಇಲ್ಲ.